ಉದ್ದ ವಾಕ್ಯ ಕೇಳುವಾಗ ಮಗುವಿನ ಕಣ್ಣು ಎಲ್ಲಿರುತ್ತದೆ? ಮನೆಯಲ್ಲೇ ನೋಡಿ ತಿಳಿಯುವ ಬಗೆ

“ಇವನಿಗೆ ಉದ್ದುದ್ದ ಹೇಳಿದ್ರೆ ತಲೆಗೆ ಹೋಗೋದೇ ಇಲ್ಲ ಅಂತ ಮಿಸ್ ಹೇಳಿದ್ರು. ಮನೇಲಿ ಕನ್ನಡ ನಿಲ್ಲಿಸಿ ಬರೀ ಇಂಗ್ಲಿಷ್ ಮಾತಾಡೋಣ್ವಾ?” ಬೆಂಗಳೂರಿನ ಶಾಲೆಗಳಲ್ಲಿ ಪೇರೆಂಟ್ಸ್ ಮೀಟಿಂಗ್ ಮುಗಿದ ವಾರ ಈ ಪ್ರಶ್ನೆ ಹೇಗೂ ಬಂದೇ ಬರುತ್ತದೆ. ನನ್ನ ಉತ್ತರ ‘ಬೇಡ’. ಆದರೆ ಸುಮ್ನೆ ಬೇಡ ಅಂದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ನಾಲ್ಕರಿಂದ ಎಂಟು ವರ್ಷದ ಮಗು ಉದ್ದ ವಾಕ್ಯವನ್ನು ಕೇಳುತ್ತಾ ಕೇಳುತ್ತಾ ಹೇಗೆ ಬಿಡಿಸಿಕೊಳ್ಳುತ್ತದೆ ಎಂದು ನೀವೇ ಮನೆಯಲ್ಲಿ ನೋಡಬಹುದು. ಬೇಕಾಗುವುದು ಒಂದಷ್ಟು ಆಟಿಕೆ, ಒಂದು ಮೊಬೈಲು, ಜಾಸ್ತಿ ತಾಳ್ಮೆ.

ಮೊದಲು ತಿಳಿದಿರಬೇಕಾದ್ದು

ವಾಕ್ಯ ಮುಗಿಯಲಿ ಎಂದು ಯಾರೂ ಕಾಯುವುದಿಲ್ಲ. ದೊಡ್ಡವರೂ ಇಲ್ಲ, ಮಕ್ಕಳೂ ಇಲ್ಲ. ಒಂದೊಂದು ಪದ ಕಿವಿಗೆ ಬೀಳುತ್ತಿದ್ದ ಹಾಗೇ ‘ಇದು ಹೀಗಿರಬೇಕು’ ಎಂದು ಊಹಿಸುತ್ತಾ ಹೋಗುತ್ತೇವೆ. ಊಹೆ ತಪ್ಪಿದರೆ ಹಿಂದೆ ಬಂದು ಸರಿಮಾಡಿಕೊಳ್ಳುತ್ತೇವೆ. ಚಿಕ್ಕ ಮಕ್ಕಳು ಊಹಿಸುವುದರಲ್ಲಿ ಚುರುಕು. ಹಿಂದೆ ಬರುವುದು ಅವರಿಗೆ ಕಷ್ಟ.

ಇದನ್ನು ಚೆನ್ನಾಗಿ ತೋರಿಸಿದ್ದು ಅಮೆರಿಕದ ಜಾನ್ ಟ್ರೂಸ್‌ವೆಲ್ ಮತ್ತು ಜೊತೆಗಾರರು, 1999ರಲ್ಲಿ. ಐದು ವರ್ಷದ ಮಕ್ಕಳ ಮುಂದೆ ಆಟಿಕೆಗಳನ್ನಿಟ್ಟು, ಕಣ್ಣು ಎತ್ತ ತಿರುಗುತ್ತದೆ ಎಂದು ಹಿಡಿಯುವ ಕ್ಯಾಮೆರಾ ತೊಡಿಸಿ, ಒಂದು ಮಾತು ಹೇಳಿದರು: “ಪುಟ್ ದಿ ಫ್ರಾಗ್ ಆನ್ ದಿ ನ್ಯಾಪ್ಕಿನ್ ಇನ್ ದಿ ಬಾಕ್ಸ್.” ನ್ಯಾಪ್ಕಿನ್ ಮೇಲೆ ಕೂತಿರುವ ಕಪ್ಪೆಯನ್ನು ಡಬ್ಬಿಗೆ ಹಾಕು ಎಂದು ಅರ್ಥ. ಆದರೆ ‘ಆನ್ ದಿ ನ್ಯಾಪ್ಕಿನ್’ ಎನ್ನುವಷ್ಟರಲ್ಲಿ ಕಪ್ಪೆಯನ್ನು ನ್ಯಾಪ್ಕಿನ್ ಮೇಲಿಡು ಎಂದಂತೆ ಕೇಳಿಸುತ್ತದೆ. ಪಕ್ಕದಲ್ಲೇ ಖಾಲಿ ನ್ಯಾಪ್ಕಿನ್ ಒಂದು ಬೇರೆ ಇತ್ತು. ಹತ್ತರಲ್ಲಿ ಸುಮಾರು ಆರು ಸಲ ಮಕ್ಕಳು ಕಪ್ಪೆಯನ್ನು ಆ ಖಾಲಿ ನ್ಯಾಪ್ಕಿನ್ ಕಡೆಗೆ ಒಯ್ದು ತಪ್ಪು ಮಾಡಿದರು. ಕೆಲವರು ಅಲ್ಲಿ ಇಟ್ಟು, ಆಮೇಲೆ ಡಬ್ಬಿಗೆ ಹಾಕಿದರು. ದೊಡ್ಡವರು ಹಾಗೆ ಮಾಡಲಿಲ್ಲ. ‘ದಟ್ಸ್’ ಎಂಬ ಒಂದು ಸಣ್ಣ ಪದ ಸೇರಿಸಿ “ಫ್ರಾಗ್ ದಟ್ಸ್ ಆನ್ ದಿ ನ್ಯಾಪ್ಕಿನ್” ಎಂದಾಗ ಅದೇ ಮಕ್ಕಳಿಗೆ ಕಷ್ಟವೇ ಆಗಲಿಲ್ಲ. ಅಂದರೆ ವಾಕ್ಯದ ಉದ್ದ ಅವರನ್ನು ಕೆಡಿಸಿದ್ದಲ್ಲ. ಹೆಬ್ಬಾಳ ಫ್ಲೈಓವರಿನಲ್ಲಿ ತಪ್ಪು ಲೇನ್ ಹಿಡಿದ ಹಾಗೆ: ತಪ್ಪಿದೆ ಎಂದು ಗೊತ್ತಾದರೂ ಅಲ್ಲೇ ತಿರುಗಿಸಲು ಆಗುವುದಿಲ್ಲ.

ಈಗ ಅದೇ ಮಾತನ್ನು ಕನ್ನಡದಲ್ಲಿ ಹೇಳಿ: “ನ್ಯಾಪ್ಕಿನ್ ಮೇಲಿರೋ ಕಪ್ಪೇನ ಡಬ್ಬಿಗೆ ಹಾಕು.” ಗೊಂದಲವೇ ಇಲ್ಲ. ‘ಮೇಲಿರೋ’ ಎಂದ ಕೂಡಲೇ ಯಾವ ಕಪ್ಪೆ ಎಂದು ಹೇಳುತ್ತಿದ್ದೇವೆ ಎನ್ನುವುದು ಸ್ಪಷ್ಟ. ಎರಡು ಭಾಷೆಯ ಮಗುವಿನ ವಿಷಯದಲ್ಲಿ ನಾವು ಮರೆಯುವುದು ಇದನ್ನೇ. ಮಗು ಒಂದೇ, ತಲೆಯೂ ಒಂದೇ. ಆದರೆ ಎಡವುವ ಜಾಗ ಇಂಗ್ಲಿಷಿನಲ್ಲಿ ಒಂದು ಕಡೆ, ಕನ್ನಡದಲ್ಲಿ ಇನ್ನೊಂದು ಕಡೆ.

ಕ್ರಿಯಾಪದ ಕೊನೆಯಲ್ಲಿ ಬರುವ ಭಾಷೆಗಳಲ್ಲಿ ಮಕ್ಕಳು ಕೊನೆಯವರೆಗೆ ಕಾಯಬಹುದಲ್ವಾ ಎಂದು ನೀವು ಕೇಳಬಹುದು. ಕಾಯುವುದಿಲ್ಲ. ಕೊರಿಯನ್ ಭಾಷೆಯೂ ಕನ್ನಡದಂತೆ ಕ್ರಿಯಾಪದವನ್ನು ಕೊನೆಗೆ ಇಡುತ್ತದೆ. ಅಲ್ಲಿನ ನಾಲ್ಕೈದು ವರ್ಷದ ಮಕ್ಕಳ ಮೇಲೆ ಚೋಯ್ ಮತ್ತು ಟ್ರೂಸ್‌ವೆಲ್ 2010ರಲ್ಲಿ, ‘ನ್ಯಾಪ್ಕಿನ್ ಮೇಲೆ’ ಎಂದೂ ‘ನ್ಯಾಪ್ಕಿನ್ ಮೇಲಿರೋ’ ಎಂದೂ ಕೇಳಿಸಬಲ್ಲ ಮಾತು ಹೇಳಿ, ಇಂಥದ್ದೇ ಆಟ ನಡೆಸಿದರು. ಕೊನೆಗೆ ‘ಎತ್ತಿಕೊ’ ಎಂಬ ಪದ ಬಂದರೂ ಮಕ್ಕಳು ಕಪ್ಪೆಯನ್ನು ನ್ಯಾಪ್ಕಿನ್ ಮೇಲೆ ಇಟ್ಟುಬಿಡುತ್ತಿದ್ದರು, ಯಾಕೆಂದರೆ ಮೊದಲೇ ಮನಸ್ಸು ಮಾಡಿಯಾಗಿತ್ತು.

ಹೆಜ್ಜೆ 1: ಭಾಷೆಯ ಲೆಕ್ಕ ಬರೆಯಿರಿ

ಆಟಿಕೆ ತೆಗೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಮಾಮೂಲಿ ಒಂದು ವಾರದಲ್ಲಿ ಮಗು ಯಾರ ಜೊತೆ, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಮಾತಾಡುತ್ತದೆ, ಎಷ್ಟು ಕೇಳುತ್ತದೆ? ಅಮ್ಮನ ಜೊತೆ ಕನ್ನಡ, ಅಜ್ಜಿಯ ಜೊತೆ ತೆಲುಗು, ಕೆಳಗಿನ ಮನೆಯ ಗೆಳೆಯನ ಜೊತೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. 2011ರ ಜನಗಣತಿಯ ಪ್ರಕಾರ ಬೆಂಗಳೂರಿನಲ್ಲಿ ಕನ್ನಡ ತಾಯ್ನುಡಿಯಾದವರು ಅರ್ಧಕ್ಕಿಂತ ಕಡಿಮೆ; ಹಾಗಾಗಿ ಈ ಪಟ್ಟಿ ಉದ್ದವಾದರೆ ಆಶ್ಚರ್ಯ ಬೇಡ. ಪ್ರತಿ ಭಾಷೆ ಯಾವ ವಯಸ್ಸಿನಲ್ಲಿ ಶುರುವಾಯಿತು ಎನ್ನುವುದನ್ನೂ ಬರೆಯಿರಿ. ಟಿವಿ, ಯೂಟ್ಯೂಬನ್ನು ಬೇರೆಯಾಗಿ ಬರೆಯಿರಿ. ಅದು ಮಗುವಿಗೆ ತಿರುಗಿ ಉತ್ತರ ಕೊಡುವುದಿಲ್ಲ.

ಈ ಹಾಳೆ ಇಲ್ಲದೆ ಮುಂದಿನದ್ದಕ್ಕೆಲ್ಲ ಅರ್ಥವಿಲ್ಲ. ಎಲ್‌ಕೆಜಿಯಲ್ಲಿ ಇಂಗ್ಲಿಷ್ ಶುರು ಮಾಡಿದ ಮಗುವನ್ನು, ಹುಟ್ಟಿದಾಗಿನಿಂದ ಇಂಗ್ಲಿಷ್ ಒಂದನ್ನೇ ಕೇಳಿದ ಮಗುವಿನ ಪಕ್ಕ ನಿಲ್ಲಿಸಿ ಅಳೆಯುವುದು ಅನ್ಯಾಯ.

ಹೆಜ್ಜೆ 2: ಆಟಿಕೆ ಜೋಡಿಸಿ, ಪದ ಗೊತ್ತಿದೆಯಾ ನೋಡಿ

ಪ್ರಾಣಿಗಳ ಗೊಂಬೆ ಇರಲಿ. ಚನ್ನಪಟ್ಟಣದ ಮರದ ಗೊಂಬೆಯಾದರೂ ಸರಿ, ಪ್ಲಾಸ್ಟಿಕ್ಕಾದರೂ ಸರಿ, ಕಾಗದದಲ್ಲಿ ಬರೆದು ಕತ್ತರಿಸಿದರೂ ಸರಿ. ಮೊಲ, ನರಿ, ಹಸು, ಬೇರೆ ಬೇರೆ ಬಣ್ಣದ ಎರಡು ಕುದುರೆ, ಅಡುಗೆಮನೆಯಿಂದ ಒಂದು ಕ್ಯಾರೆಟ್. ಪ್ರಾಣಿಗಳೇ ಯಾಕೆ ಬೇಕು ಅಂದರೆ, ‘ಪುಸ್ತಕ ತಗೊಂಡ’ ಎನ್ನುವಾಗ ನಾವು ‘ಅನ್ನು’ ಬಿಟ್ಟೇ ಮಾತಾಡುತ್ತೇವೆ. ಜೀವ ಇರುವುದರ ವಿಷಯದಲ್ಲಿ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ನಮಗೆ ಆ ಪ್ರತ್ಯಯ ಬೇಕು.

ಒಂದೊಂದನ್ನೂ ತೋರಿಸಿ ಹೆಸರು ಕೇಳಿ. ಮಗು ನರಿಗೆ ‘ಫಾಕ್ಸ್’ ಅಂದರೆ ನೀವೂ ಫಾಕ್ಸ್ ಅನ್ನಿ. ಕನ್ನಡದ ಪಾಠ ಮಾಡುವ ಹೊತ್ತು ಇದಲ್ಲ. ಪದ ಗೊತ್ತಿಲ್ಲದ ಮಗು ವಾಕ್ಯದಲ್ಲಿ ಎಡವಿದರೆ ನಿಮಗೆ ಏನೂ ತಿಳಿಯುವುದಿಲ್ಲ.

ಆದರೆ ಒಂದು ಸಲದ ಆಟಕ್ಕೆ ಒಂದೇ ಭಾಷೆ. ಕನ್ನಡವಾದರೆ ಕನ್ನಡ, ಇಂಗ್ಲಿಷಾದರೆ ಇನ್ನೊಂದು ದಿನ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಕೇಳಿ ಬೆಳೆಯುತ್ತಿದ್ದ 20 ತಿಂಗಳ ಮಕ್ಕಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವಾಕ್ಯದ ನಡುವೆ ಭಾಷೆ ಬದಲಾದಾಗ ಮಕ್ಕಳ ಕಣ್ಣಿನ ಪಾಪೆ ಹಿಗ್ಗಿತು, ಅಂದರೆ ಮನಸ್ಸಿಗೆ ಸ್ವಲ್ಪ ಹೆಚ್ಚು ಕೆಲಸ ಬಿತ್ತು. ಒಂದು ವಾಕ್ಯ ಮುಗಿದು ಇನ್ನೊಂದು ವಾಕ್ಯಕ್ಕೆ ಹೋಗುವಾಗ ಬದಲಾದರೆ ಆ ತೊಂದರೆ ಹೆಚ್ಚು ಕಾಣಲಿಲ್ಲ. ಇದನ್ನು ಓದಿ ಮನೆಯಲ್ಲಿ ಭಾಷೆ ಬೆರೆಸುವುದನ್ನೇ ನಿಲ್ಲಿಸಬೇಡಿ. ಅದು ಕೂದಲೆಳೆಯಷ್ಟು ಹೊತ್ತಿನ ಮಾತು, ಮಕ್ಕಳು ದಾಟಿಕೊಳ್ಳುತ್ತಾರೆ. ನಾವು ಅಳೆಯುವುದೂ ಆ ಕೂದಲೆಳೆಯನ್ನೇ ಆದ್ದರಿಂದ ಆಟದ ಹೊತ್ತಿನಲ್ಲಿ ಮಾತ್ರ ಬೆರೆಸಬೇಡಿ.

ಹೆಜ್ಜೆ 3: ಮೊಬೈಲನ್ನು ಮಗುವಿನ ಮುಖಕ್ಕೆ ಇಡಿ

ಪ್ರಯೋಗಾಲಯಗಳಲ್ಲಿ ‘ಆ ಕ್ಷಣದಲ್ಲಿ ಏನಾಯಿತು’ ಎಂದು ಅಳೆಯಲು ಮುಖ್ಯವಾಗಿ ಎರಡು ದಾರಿ ಬಳಸುತ್ತಾರೆ. ಒಂದು, ಕಣ್ಣು ಎತ್ತ ಹೋಯಿತು ಎಂದು ನೋಡುವುದು. ಇನ್ನೊಂದರಲ್ಲಿ ಮಗು ಬಟನ್ ಒತ್ತಿದರೆ ವಾಕ್ಯದ ಒಂದು ತುಣುಕು ಕೇಳಿಸುತ್ತದೆ, ಮತ್ತೆ ಒತ್ತಿದರೆ ಮುಂದಿನ ತುಣುಕು. ಯಾವ ತುಣುಕಿನ ಹತ್ತಿರ ಬೆರಳು ತಡಮಾಡಿತೋ ಅಲ್ಲಿ ಮನಸ್ಸು ಕೆಲಸ ಮಾಡುತ್ತಿತ್ತು ಎಂದರ್ಥ. ಎರಡನೆಯದು ಮನೆಯಲ್ಲಿ ಕಷ್ಟ. ಮೊದಲನೆಯದನ್ನು ಒರಟಾಗಿ ಮಾಡಬಹುದು.

ಮಗು ನೆಲದ ಮೇಲೆ ಕೂರಲಿ. ಎದುರಿಗೆ ನಾಲ್ಕೈದು ಪುಸ್ತಕ ಪೇರಿಸಿ ಮೊಬೈಲ್ ಒರಗಿಸಿ, ಮುಖ ಪೂರ್ತಿ ಕಾಣುವ ಹಾಗೆ ವಿಡಿಯೋ ಹಾಕಿ. ಆಟಿಕೆಗಳನ್ನು ಎಡಕ್ಕೊಂದು ಬಲಕ್ಕೊಂದು, ಮಧ್ಯೆ ಒಂದು ಮೊಳ ಅಂತರ ಬಿಟ್ಟು ಇಡಿ. ಹತ್ತಿರ ಇಟ್ಟರೆ ಕಣ್ಣು ಯಾವ ಕಡೆಗೆ ಹೋಯಿತು ಎಂದು ಗೊತ್ತಾಗುವುದಿಲ್ಲ. ನೀವು ಮೊಬೈಲಿನ ಹಿಂದೆ ಕೂತು, ಆಟಿಕೆ ಕಡೆ ನೋಡದೆ ಮಾತಾಡಿ. ಇದು ಕಷ್ಟ, ಅಭ್ಯಾಸ ಬೇಕು. ಅಮ್ಮ ಎತ್ತ ನೋಡಿದಳು ಎಂಬುದನ್ನು ಮಕ್ಕಳು ವ್ಯಾಕರಣಕ್ಕಿಂತ ಬೇಗ ಹಿಡಿಯುತ್ತಾರೆ!

ಮಾಮೂಲಿ ಮೊಬೈಲ್ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರ ಇರುತ್ತವೆ. ಕೇಳಿದ್ದಕ್ಕೆ ಕಣ್ಣು ತಿರುಗಿಸಲು ನಮಗೆಲ್ಲ ಸುಮಾರು 200 ಮಿಲಿಸೆಕೆಂಡ್ ಬೇಕು. ಅಂದರೆ ಆರು ಚಿತ್ರ. ಪದ ಕೇಳಿಸಿದ ಜಾಗದಿಂದ ಆರೇಳು ಚಿತ್ರ ಮುಂದಕ್ಕೆ ಹೋಗಿ ನೋಡಿ.

ಹೆಜ್ಜೆ 4: ಮೊಲ, ನರಿ, ಕ್ಯಾರೆಟ್

ನನಗೆ ತುಂಬ ಇಷ್ಟವಾದ ಆಟ ಇದು. ಮೂಲ ಟರ್ಕಿಶ್ ಭಾಷೆಯದ್ದು. ಆ ಭಾಷೆಯಲ್ಲೂ ನಮ್ಮ ‘ಅನ್ನು’ ತರಹದ ಪ್ರತ್ಯಯ ಇದೆ, ಅಲ್ಲೂ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಓಜ್ಗೆ, ಕುಂತಾಯ್, ಸ್ನೆಡೆಕರ್ ಎಂಬ ಮೂವರು 2019ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಕನ್ನಡಕ್ಕೆ ಹೊಂದಿಸಿಕೊಳ್ಳುವುದು ಸುಲಭ.

ಮೊಲವನ್ನು ಮಧ್ಯೆ ಇಡಿ. ಒಂದು ಪಕ್ಕ ನರಿ, ಇನ್ನೊಂದು ಪಕ್ಕ ಕ್ಯಾರೆಟ್. ಈಗ ಹೇಳಿ: “ಮೊಲ ಈಗ ಅಲ್ಲಿರೋ ಕ್ಯಾರೆಟ್ ತಿನ್ನತ್ತೆ.” ಸ್ವಲ್ಪ ಹೊತ್ತು ಬಿಟ್ಟು, ಬೇರೆ ಏನೋ ಆಟವಾಡಿ, ಆಮೇಲೆ: “ಮೊಲಾನ ಈಗ ಅಲ್ಲಿರೋ ನರಿ ತಿನ್ನತ್ತೆ.” ಎರಡರಲ್ಲೂ ‘ಈಗ ಅಲ್ಲಿರೋ’ ಎನ್ನುವ ಭಾಗವನ್ನು ನಿಧಾನಕ್ಕೆ, ಒಂದೇ ರಾಗದಲ್ಲಿ ಹೇಳಿ. ನೀವು ನೋಡಬೇಕಾದ ಜಾಗ ಅದೇ. ‘ಕ್ಯಾರೆಟ್’ ಎಂದಾಗಲಿ ‘ನರಿ’ ಎಂದಾಗಲಿ ನೀವು ಇನ್ನೂ ಹೇಳಿಲ್ಲ. ‘ಮೊಲ’ ಕೇಳಿದ ಮಗು ಕ್ಯಾರೆಟ್ ಕಡೆ ನೋಡಿದರೆ, ‘ಮೊಲಾನ’ ಕೇಳಿದ ಮಗು ನರಿ ಕಡೆ ನೋಡಿದರೆ, ಆ ಒಂದು ‘ನ’ ಸಾಕಾಯಿತು ಎಂದರ್ಥ. ಮೊಲ ತಿನ್ನುವವನಲ್ಲ, ತಿನ್ನಿಸಿಕೊಳ್ಳುವವನು ಎಂದು ಕ್ರಿಯಾಪದಕ್ಕೆ ಮುಂಚೆಯೇ ಮಗುವಿಗೆ ಹೊಳೆದಿದೆ. ಟರ್ಕಿಶ್ ಮಾತಾಡುವ ನಾಲ್ಕು ವರ್ಷದ ಮಕ್ಕಳಲ್ಲೇ ಇದು ಕಂಡಿತು.

ವಿಡಿಯೋ ನಿಧಾನವಾಗಿ ಓಡಿಸಿ ನೋಡುವಾಗ ಮಜಾ ಇರುತ್ತದೆ. ತುಟಿ ಸ್ವಲ್ಪ ತೆರೆದಿರುತ್ತದೆ, ಕೈ ಮೊಲದ ಮೇಲೇ ಇರುತ್ತದೆ, ಕಣ್ಣು ಮಾತ್ರ ಪಕ್ಕಕ್ಕೆ ಹೋಗಿ, ವಾಪಸು ಬಂದು, ಮತ್ತೆ ಹೋಗುತ್ತದೆ. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿನೊಳಗೆ. ಸುಮ್ನೆ ಎದುರಿಗೆ ಕೂತು ನೋಡಿದರೆ ಕಾಣುವುದೇ ಇಲ್ಲ.

ಹತ್ತು ನಿಮಿಷಕ್ಕಿಂತ ಜಾಸ್ತಿ ಆಡಿಸಬೇಡಿ. ಮಕ್ಕಳಿಗೆ ಬೇಜಾರಾದ ಮೇಲೆ ಕಣ್ಣು ಫ್ಯಾನ್ ನೋಡುತ್ತದೆ.

ಹೆಜ್ಜೆ 5: ವಾಕ್ಯದೊಳಗೆ ವಾಕ್ಯ

ಈಗ ನಿಜವಾದ ಸಂಕೀರ್ಣ ವಾಕ್ಯಕ್ಕೆ ಬರೋಣ. ಒಂದು ಹಸು, ಎರಡು ಕುದುರೆ. ಮಗುವಿನ ಎದುರಿಗೇ ಕೆಂಪು ಕುದುರೆ ಬಂದು ಹಸುವನ್ನು ತಳ್ಳಲಿ. ಆಮೇಲೆ ಹಸು ಹೋಗಿ ನೀಲಿ ಕುದುರೆಯನ್ನು ತಳ್ಳಲಿ. ಈಗ ಕೇಳಿ: “ಹಸು ತಳ್ಳಿದ ಕುದುರೆ ಕೊಡು.” ನೀಲಿ ಬರಬೇಕು. ಇನ್ನೊಮ್ಮೆ ಅದೇ ನಾಟಕ ಆಡಿ: “ಹಸೂನ ತಳ್ಳಿದ ಕುದುರೆ ಕೊಡು.” ಕೆಂಪು ಬರಬೇಕು. ಮತ್ತೆ ಆ ‘ನ’ ಒಂದೇ ವ್ಯತ್ಯಾಸ, ಆದರೆ ಈ ಸಲ ಕೆಲಸ ಕಷ್ಟ. ಯಾವುದರ ವಿಷಯ ಮಾತಾಡುತ್ತಿದ್ದೇವೆ ಎಂಬುದು, ಅಂದರೆ ಕುದುರೆ, ತಳ್ಳಿದ ಕಥೆ ಮುಗಿದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಹಸುವನ್ನೂ ತಳ್ಳಿದ್ದನ್ನೂ ತಲೆಯಲ್ಲಿ ಹಿಡಿದಿರಬೇಕು. ಇಂಗ್ಲಿಷಿನಲ್ಲಿ ಕುದುರೆ ಮೊದಲು ಬರುತ್ತದೆ, ಕಥೆ ಆಮೇಲೆ. ಎರಡೂ ಭಾಷೆಯ ಮಗು ದಿನವೂ ಎರಡು ದಿಕ್ಕಿನಲ್ಲಿ ಈ ಕೆಲಸ ಮಾಡುತ್ತಿರುತ್ತದೆ ಎನ್ನುವುದನ್ನು ಯೋಚಿಸಿದರೆ ಒಂದು ಸಣ್ಣ ತಡಕ್ಕೆ ಬೈಯಲು ಮನಸ್ಸು ಬರುವುದಿಲ್ಲ.

ಇನ್ನೊಂದು ಆಟ ಕನ್ನಡಕ್ಕೇ ವಿಶೇಷ. ಇದನ್ನು ಪರೀಕ್ಷೆ ಅಂದುಕೊಳ್ಳಬೇಡಿ, ಕುತೂಹಲಕ್ಕೆ ಮಾಡಿ. ಅಣ್ಣ ಗೊಂಬೆ ಒಂದು ಚೆಂಡು ತರಲಿ, ಅಕ್ಕ ಗೊಂಬೆ ಇನ್ನೊಂದು ತರಲಿ. “ಅಣ್ಣ ತಂದ ಚೆಂಡು ಬುಟ್ಟಿಗೆ ಹಾಕು.” “ಅಕ್ಕ ತಂದ ಚೆಂಡು ಬುಟ್ಟಿಗೆ ಹಾಕು.” ಆಡುಮಾತಿನಲ್ಲಿ ‘ಅಣ್ಣ ತಂದ’ ಎಂದರೆ ಅದೇ ಪೂರ್ತಿ ವಾಕ್ಯ ಆಗಬಹುದು. ‘ಅಕ್ಕ ತಂದ’ ಹಾಗಾಗುವುದಿಲ್ಲ, ‘ತಂದ್ಲು’ ಆಗಬೇಕಿತ್ತು. ಹಾಗಾಗಿ ಅಕ್ಕನ ವಾಕ್ಯದಲ್ಲಿ ‘ಇನ್ನೂ ಏನೋ ಬರಲಿದೆ’ ಎಂಬ ಸುಳಿವು ಮೊದಲೇ ಸಿಗುತ್ತದೆ. ಅಣ್ಣನ ವಾಕ್ಯದಲ್ಲಿ ಕಣ್ಣು ಅಣ್ಣ ಗೊಂಬೆಯ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತದಾ? ನೋಡಿ ಬರೆದಿಟ್ಟುಕೊಳ್ಳಿ.

ಸಮಯದ ವಾಕ್ಯಗಳು ಬೇಗ ಮುಗಿಯುತ್ತವೆ. “ಚಪ್ಪಾಳೆ ತಟ್ಟಿದ್ಮೇಲೆ ಚೆಂಡು ಎಸಿ” ಸುಲಭ, ನಡೆಯುವ ಕ್ರಮದಲ್ಲೇ ಹೇಳಿದೆ. “ಚೆಂಡು ಎಸೆಯೋಕ್ ಮುಂಚೆ ಚಪ್ಪಾಳೆ ತಟ್ಟು” ಎಂದರೆ ಚಿಕ್ಕವರು ಮೊದಲು ಚೆಂಡನ್ನೇ ಎಸೆಯಬಹುದು. ಮೊದಲು ಹೇಳಿದ್ದು ಮೊದಲು ಆಯಿತು ಎಂದುಕೊಳ್ಳುವುದು ಒಂದು ಭಾಷೆಯ ಮಕ್ಕಳಲ್ಲೂ ಇರುವಂಥದ್ದೇ.

ಮೂರು ವರ್ಷದ ತಮ್ಮನೋ ತಂಗಿಯೋ ಇದ್ದರೆ ಅವರ ಮೇಲೆ ಪ್ರತ್ಯಯದ ಆಟ ಬೇಡ. ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳ ಮೇಲೆಯೇ ನಡೆಸಿದ ಅಧ್ಯಯನ 2003ರಲ್ಲಿ ಬಂತು. ಕ್ರಿಯಾಪದಕ್ಕೆ ‘ಇಸು’ (‘ಮಾಡು’ ಹೋಗಿ ‘ಮಾಡಿಸು’ ಆಗುವ ಹಾಗೆ) ಸೇರಿದೆಯೋ ಇಲ್ಲವೋ ಎನ್ನುವುದಕ್ಕಿಂತ, ವಾಕ್ಯದಲ್ಲಿ ಎಷ್ಟು ಜನ ಇದ್ದಾರೆ ಎಂಬುದನ್ನೇ ಆ ಮಕ್ಕಳು ನಂಬಿದರು. ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರಿಗೆ ಏನೋ ಮಾಡಿಸಿದರು ಎಂದು ಆಡಿ ತೋರಿಸಿದರು.

ಹೆಜ್ಜೆ 6: ಕಂಡದ್ದನ್ನು ಓದುವುದು

ಪ್ರತಿ ವಾಕ್ಯಕ್ಕೂ ಮೂರು ವಿಷಯ ಬರೆಯಿರಿ: ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಬದಲಾಯಿತಾ, ಕೊನೆಗೆ ಕೈ ಯಾವುದನ್ನು ಎತ್ತಿತು. ‘ಸರಿ’, ‘ತಪ್ಪು’ ಎಂದಷ್ಟೇ ಬರೆದರೆ ಶಾಲೆಯ ಮಾರ್ಕ್ಸ್ ಕಾರ್ಡಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಕಣ್ಣು ತಪ್ಪು ಕಡೆ ಹೋಗಿ, ತಿರುಗಿ, ಕೈ ಸರಿಯಾದದ್ದನ್ನು ಎತ್ತಿದರೆ ಬಹಳ ಒಳ್ಳೆಯದು. ಹಿಂದೆ ಬಂದು ಸರಿಮಾಡಿಕೊಳ್ಳುವ ಶಕ್ತಿ ಬರುತ್ತಿದೆ. ಒಂದು ಸೆಕೆಂಡ್ ತಡವಾದರೆ ಆಗಲಿ.

ಕಣ್ಣು ಸರಿಯಾದ ಕಡೆ ಹೋಗಿಯೂ ಕೈ ತಪ್ಪಿದರೆ ಚೂರು ನಿಂತು ಯೋಚಿಸಿ. ಮಗುವಿಗೆ ಗೊತ್ತಿರುವುದು ಹೊರಗೆ ಕಾಣುವುದಕ್ಕಿಂತ ಜಾಸ್ತಿ ಇರುತ್ತದೆ. ಮಾತಾಡುವಾಗಲೂ ಹೀಗೇ. ಬ್ರಿಟನ್ನಿನಲ್ಲಿ ಮನೆಯಲ್ಲಿ ಟರ್ಕಿಶ್, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಕ್ಕಳ ಬಗ್ಗೆ ಕೊಂಡ್ರೊಯಾನಿ ಮತ್ತು ಮರೀನಿಸ್ 2012ರಲ್ಲಿ ಬರೆದರು. ಆ ಮಕ್ಕಳು ತಾವು ಮಾತಾಡುವಾಗ ‘ವಾಕ್ಸ್’, ‘ವಾಕ್ಡ್’ ಎನ್ನುವಲ್ಲಿನ ಕೊನೆಯ ತುಣುಕನ್ನು ಬಿಡುತ್ತಿದ್ದರು. ಆದರೆ ಬೇರೆಯವರು ಬಿಟ್ಟು ಹೇಳಿದ ವಾಕ್ಯ ಕೇಳಿದಾಗ ಅದೇ ಜಾಗದಲ್ಲಿ ತಡವರಿಸುತ್ತಿದ್ದರು. ಬಾಯಿಗೆ ಬಾರದಿದ್ದರೂ ಕಿವಿಗೆ ಗೊತ್ತಿತ್ತು.

ಕಣ್ಣೂ ತಪ್ಪಿ ಕೈಯೂ ತಪ್ಪಿದರೆ ಮೊದಲ ಪ್ರಶ್ನೆ: ಎರಡೂ ಭಾಷೆಯಲ್ಲಿ ಹಾಗಾಗುತ್ತಿದೆಯಾ? ಇದಕ್ಕೆ ನನಗೆ ತುಂಬ ಉಪಯೋಗಕ್ಕೆ ಬರುವುದು ಮರೀನಿಸ್ ಮತ್ತು ಸ್ಯಾಡಿ 2013ರಲ್ಲಿ ಪ್ರಕಟಿಸಿದ ಹೋಲಿಕೆ. ಅವರು ಮೂರು ಗುಂಪು ತೆಗೆದುಕೊಂಡರು: ಇಂಗ್ಲಿಷ್ ಒಂದೇ ಬರುವ ಮಕ್ಕಳು, ಇಂಗ್ಲಿಷನ್ನು ಎರಡನೆಯದಾಗಿ ಕಲಿತ ಮಕ್ಕಳು, ಮತ್ತು ಒಂದೇ ಭಾಷೆ ಇದ್ದೂ ಭಾಷಾ ಬೆಳವಣಿಗೆಯ ತೊಂದರೆ ಇರುವ ಮಕ್ಕಳು. ಎರಡು ಭಾಷೆಯ ಮಕ್ಕಳಿಗೆ ಕಷ್ಟವಾದದ್ದು ‘ಒಂಟೆ ಕುದುರೆಯಿಂದ ತಳ್ಳಲ್ಪಟ್ಟಿತು’ ಎನ್ನುವಂಥ ಕರ್ಮಣಿ ವಾಕ್ಯದಲ್ಲಿ ಮಾತ್ರ. ಇಂಗ್ಲಿಷ್ ಕೇಳಿದ್ದು ಕಡಿಮೆ, ಅದಕ್ಕೇ ಇನ್ನೂ ಹಿಂದಿನ ಹಂತದಲ್ಲಿದ್ದಾರೆ ಎಂದು ಸಂಶೋಧಕರು ವಿವರಿಸಿದರು. ತೊಂದರೆ ಇರುವ ಮಕ್ಕಳಿಗೆ ಮಾತ್ರ ಸಾದಾ ವಾಕ್ಯದಲ್ಲೂ, ಮೊದಲ ಊಹೆಯನ್ನು ಬದಲಿಸಬೇಕಾದ ಕಡೆಯೆಲ್ಲ ಕಷ್ಟವಾಯಿತು.

ಇದನ್ನು ನಿಮ್ಮ ಹಾಳೆಯ ಪಕ್ಕ ಇಟ್ಟು ನೋಡಿ. ಇಂಗ್ಲಿಷಿನ ಒಂದು ಬಗೆಯ ವಾಕ್ಯದಲ್ಲಿ ಎಡವುತ್ತಾನೆ, ಕನ್ನಡದಲ್ಲಿ ಚೆನ್ನಾಗಿದ್ದಾನೆ, ಇಂಗ್ಲಿಷ್ ಶುರುವಾಗಿ ಒಂದೂವರೆ ವರ್ಷ ಆಗಿದೆ ಅಂದರೆ ಕಾಯಿರಿ. ಆ ವಾಕ್ಯ ಅವನ ಕಿವಿಗೆ ಇನ್ನೂ ಸಾಕಷ್ಟು ಬಿದ್ದಿಲ್ಲ.

ಒಂದು ಮಾತು ಪಕ್ಕಕ್ಕೆ. ‘ಎರಡು ಭಾಷೆ ಕಲಿತರೆ ಮಗುವಿನ ಗಮನಶಕ್ತಿ ಹೆಚ್ಚುತ್ತದೆ’ ಎಂದು ಪ್ರೀಸ್ಕೂಲ್ ಜಾಹೀರಾತುಗಳು ಹೇಳುತ್ತವೆ. ಸಂಶೋಧಕರಲ್ಲೇ ಈ ಬಗ್ಗೆ ಜೋರು ಜಗಳ ಇದೆ. ಕೆಲವರಿಗೆ ಆ ಲಾಭ ಕಂಡಿದೆ, ಕೆಲವರಿಗೆ ಕಂಡಿಲ್ಲ. ಅಜ್ಜಿಯ ಜೊತೆ ಅವಳ ಭಾಷೆಯಲ್ಲಿ ಮಾತಾಡಲು ಬರುವುದೇ ನನಗೆ ಸಾಕಷ್ಟು ದೊಡ್ಡ ಲಾಭ.

ಹೆಜ್ಜೆ 7: ಮನೆಯ ಮಾತಿನಲ್ಲಿ ಏನು ಬದಲಿಸಬೇಕು

ಹೆಚ್ಚೇನಿಲ್ಲ. ಉದ್ದ ವಾಕ್ಯವನ್ನು ಪೂರ್ತಿ ಬಿಡಬೇಡಿ, ಕೇಳದೆ ಕಲಿಯುವುದು ಹೇಗೆ? “ಫ್ರಿಜ್ಜಲ್ಲಿ ಅಜ್ಜಿ ಇಟ್ಟಿರೋ ಡಬ್ಬೀಲಿರೋ ಚಟ್ನಿ ತಗೊಂಡು ಬಾ” ಎಂದು ಹೇಳಿ, ಹೇಳಿದ ಮೇಲೆ ಸುಮ್ಮನಿರಿ. ಬಹಳ ಜನ ಮಾಡುವುದು ಏನೆಂದರೆ, ಮಗು ಅರ್ಧ ಸೆಕೆಂಡ್ ನಿಂತಿತು ಅಂದ ಕೂಡಲೇ ಅದನ್ನೇ ಜೋರಾಗಿ ಮತ್ತೆ ಹೇಳುವುದು. ಒಳಗೆ ಸರಿಮಾಡಿಕೊಳ್ಳುತ್ತಿದ್ದ ಮಗುವಿಗೆ ಹೊಸ ವಾಕ್ಯ ಬಂದು ಬಿದ್ದ ಹಾಗಾಗುತ್ತದೆ. ಮನಸ್ಸಿನಲ್ಲೇ ಐದು ಎಣಿಸಿ.

ಮತ್ತೆ ಹೇಳಲೇಬೇಕಾದರೆ ಅದೇ ಭಾಷೆಯಲ್ಲಿ, ಅದೇ ಪದಗಳಲ್ಲಿ, ಎಡವಿದ ಜಾಗದಲ್ಲಿ ಮಾತ್ರ ನಿಧಾನ ಮಾಡಿ ಹೇಳಿ. ತಕ್ಷಣ ಇಂಗ್ಲಿಷಿಗೆ ತಿರುಗಿಸಿದರೆ ಕೆಲಸ ಆಗುತ್ತದೆ, ಚಟ್ನಿ ಬರುತ್ತದೆ, ಕನ್ನಡದ ವಾಕ್ಯ ಅಲ್ಲಿಗೇ ನಿಲ್ಲುತ್ತದೆ. ಕಥೆ ಹೇಳುವಾಗ ‘ಓಡಿ ಹೋದ ಮೊಲ’, ‘ನರಿ ಅಟ್ಟಿಸಿಕೊಂಡು ಬಂದ ಮೊಲ’ ಎಂದೆಲ್ಲ ಧಾರಾಳವಾಗಿ ಬಳಸಿ. ಆಟಕ್ಕಿಂತ ಕಥೆಯಲ್ಲಿ ಇಂಥ ವಾಕ್ಯ ಬೇಗ ಹತ್ತುತ್ತದೆ.

ಯಾವಾಗ ತೋರಿಸಬೇಕು

ಎಲ್ಲಕ್ಕೂ ಮೊದಲು ಕಿವಿ. ಪದೇ ಪದೇ ನೆಗಡಿ, ಕಿವಿ ಸೋರುವುದು ಇದ್ದರೆ ‘ಮೊಲ’, ‘ಮೊಲಾನ’ ಎರಡೂ ಒಂದೇ ಥರ ಕೇಳಿಸಬಹುದು. ಕೇಳುವಿಕೆಯ ಪರೀಕ್ಷೆ ಆಗದೆ ಭಾಷೆಯ ಬಗ್ಗೆ ತೀರ್ಮಾನ ಬೇಡ.

ಮಗುವಿಗೆ ಬರುವ ಎಲ್ಲ ಭಾಷೆಗಳಲ್ಲೂ ಸಣ್ಣ ವಾಕ್ಯಗಳೇ ಕಷ್ಟ, ನಾಲ್ಕು ವರ್ಷವಾದರೂ ಮೂರು ಪದ ಜೋಡಿಸುವುದಿಲ್ಲ, ಅಥವಾ ಮುಂಚೆ ಬರುತ್ತಿದ್ದದ್ದು ಈಗ ಹೋಗಿದೆ ಅಂದರೆ ತಡ ಮಾಡದೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಸ್ಪೀಚ್ ಮತ್ತು ಆಡಿಯಾಲಜಿ ವಿಭಾಗ ಇದೆ. ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮೈಸೂರಿಗೆ ಹೋಗಲು ಆಗುವವರಿಗೆ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಅಲ್ಲಿ ಒಂದು ವಿಷಯ ಕೇಳಲು ಮುಜುಗರ ಬೇಡ: “ಕನ್ನಡದಲ್ಲೂ ನೋಡ್ತೀರಾ, ಇಂಗ್ಲಿಷಲ್ಲಿ ಮಾತ್ರ ನೋಡ್ತೀರಾ?” ಒಂದೇ ಭಾಷೆಯಲ್ಲಿ ನೋಡಿ ಕೊಟ್ಟ ರಿಪೋರ್ಟ್ ಅರ್ಧ ಮಗುವಿನ ರಿಪೋರ್ಟ್. ‘ಮನೆಯ ಭಾಷೆ ಬಿಡಿ’ ಎಂದು ಯಾರಾದರೂ ಹೇಳ ಹೊರಟರೆ ಕಾರಣ ಕೇಳಿ. ಭಾಷೆಯ ತೊಂದರೆ ಇರುವ ಮಗುವಿಗೂ ಒಂದು ಭಾಷೆ ಕಿತ್ತುಕೊಂಡರೆ ಇನ್ನೊಂದು ಬೆಳೆಯುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ. ಹೋಗುವಾಗ ಭಾಷೆಯ ಲೆಕ್ಕದ ಹಾಳೆ, ಎರಡೂ ಭಾಷೆಯ ವಿಡಿಯೋ ಜೊತೆಗಿರಲಿ. ಹೊಸ ಜಾಗದಲ್ಲಿ, ಗೊತ್ತಿಲ್ಲದವರ ಎದುರು ನಿಮ್ಮ ಮಗು ಬಾಯಿ ಬಿಡದಿದ್ದರೂ ಥೆರಪಿಸ್ಟಿಗೆ ನೋಡಲು ಏನಾದರೂ ಇರುತ್ತದೆ.